ಬಡ ಅರ್ಬುದ ರೋಗಿಗಳ ತಾಯಿ: ವಂದನೀಯ ಮಾತೆ ಮೇರಿ ಅಲ್ಫೋನ್ಸಾ

ನಮ್ಮ ಉಗರಗೋಳದ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಇತಿಹಾಸವನ್ನು ಬಲ್ಲವರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಈ ಕೆಲವು ಪುಟಗಳನ್ನು ದೂರದೇಶದ ಒಬ್ಬ ಮಹಿಳೆಯ ಜೀವನಚರಿತ್ರೆಗೆ ಮೀಸಲಿಡಲು ಬಯಸುತ್ತೇವೆ. ಉತ್ಸವದ ಸಂಚಿಕೆಯಲ್ಲಿ ರೋಗ ಮರಣಗಳ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ನೂರು ವರ್ಷ ತುಂಬಿದ ಒಂದು ಧರ್ಮಕೇಂದ್ರವು ತನ್ನ ಗೋಡೆಗಳು ಎಷ್ಟು ಗಟ್ಟಿ ಎಂದು ನೋಡಿಕೊಂಡರೆ ಸಾಲದು. ತನ್ನ ಮಕ್ಕಳಲ್ಲಿ ಒಬ್ಬರಿಗೆ ಗುಣವಾಗದ ರೋಗ ಬಂದಾಗ ಆ ಮನೆಗೆ ತಾನು ಏನಾಗಿ ನಿಂತಿತು ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ. ಆ ಪ್ರಶ್ನೆಗೆ ತನ್ನ ಬಾಳನ್ನೇ ಉತ್ತರವಾಗಿ ಕೊಟ್ಟವರು ಮಾತೆ ಮೇರಿ ಅಲ್ಫೋನ್ಸಾ. ಅವರು ಪ್ರಭುವಿನಲ್ಲಿ ನಿದ್ರೆಹೋಗಿ ಸುಮಾರು ಒಂದು ಶತಮಾನವೇ ಆಗಿದೆ.

ಅವರ ಮನೆಯ ಹೆಸರು ರೋಸ್ ಹಾಥಾರ್ನ್. ೧೮೫೧ನೆಯ ಇಸವಿಯ ಮೇ ೨೦ರಂದು ಅಮೆರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದ ಲೆನಾಕ್ಸ್ ಎಂಬ ಊರಿನಲ್ಲಿ ಅವರು ಜನಿಸಿದರು. ತಂದೆ ನಥಾನಿಯಲ್ ಹಾಥಾರ್ನ್ ಆ ದೇಶದ ಶ್ರೇಷ್ಠ ಕಾದಂಬರಿಕಾರರಲ್ಲಿ ಒಬ್ಬರು; ತಾಯಿ ಸೋಫಿಯಾ ಚಿತ್ರಕಲೆ ಬಲ್ಲ ಸುಸಂಸ್ಕೃತ ಮಹಿಳೆ. ಮೂವರು ಮಕ್ಕಳಲ್ಲಿ ರೋಸ್ ಕಿರಿಯಳು. ತಂದೆಯು ಅಮೆರಿಕೆಯ ಪ್ರತಿನಿಧಿಯಾಗಿ ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣಕ್ಕೆ ನೇಮಕಗೊಂಡಾಗ ಕುಟುಂಬವೆಲ್ಲ ಅಲ್ಲಿಗೆ ಹೋಯಿತು. ಮುಂದೆ ರೋಮ್ ಮತ್ತು ಫ್ಲಾರೆನ್ಸ್ ನಗರಗಳಲ್ಲಿಯೂ ಕೆಲಕಾಲ ನೆಲೆಸಿತು. ಆ ಮನೆತನ ಪ್ರೊಟೆಸ್ಟಂಟ್ ಮತಕ್ಕೆ ಸೇರಿದ್ದರೂ, ಜಗದ್ಗುರು ಒಂಬತ್ತನೆಯ ಪಿಯುಸ್ ಅವರನ್ನು ರೋಮಿನಲ್ಲಿ ಕಂಡ ನೆನಪು ಆ ಪುಟ್ಟ ಬಾಲಕಿಯ ಮನಸ್ಸಿನಲ್ಲಿ ಉಳಿಯಿತು.

ತಂದೆಯ ಜೀವನದ ಒಂದು ಘಟನೆ ಮಗಳ ಮುಂದಿನ ಬಾಳಿಗೆ ಬೀಜದಂತಿತ್ತು. ಲಿವರ್‌ಪೂಲಿನ ಬಳಿ ದಿಕ್ಕಿಲ್ಲದವರನ್ನು ಇರಿಸುವ ಸರ್ಕಾರಿ ಗೃಹವೊಂದನ್ನು ಹಾಥಾರ್ನ್ ಅವರು ನೋಡಲು ಹೋದಾಗ, ರೋಗದಿಂದ ವಿಕಾರಗೊಂಡಿದ್ದ ಒಂದು ಮಗು ಅವರ ಹಿಂದೆಯೇ ಸುತ್ತುತ್ತ, ತನ್ನನ್ನು ಎತ್ತಿಕೊಳ್ಳುವಂತೆ ಕೈಚಾಚಿ ನಿಂತಿತು. ಅವರು ಸ್ವಭಾವತಃ ಸಂಕೋಚದವರು. ಕೊಳಕನ್ನು ಕಂಡರೆ ಹೇಸುವವರು. ಆದರೂ ಆ ಮಗುವನ್ನು ಎತ್ತಿ, ತನ್ನ ಸ್ವಂತ ಮಗುವೋ ಎಂಬಂತೆ ಮುದ್ದಿಸಿ ಇಳಿಸಿದರು. ತಮ್ಮ ಪುಸ್ತಕದಲ್ಲಿ ಇದನ್ನು ಬರೆಯುವಾಗ ಅದು ಬೇರೊಬ್ಬ ಗೃಹಸ್ಥ ಮಾಡಿದ ಕೆಲಸವೆಂಬಂತೆ ಬರೆದರು. ಅವರು ತೀರಿಕೊಂಡ ಮೇಲೆ ದಿನಚರಿ ಪ್ರಕಟವಾದಾಗ ಮಾತ್ರ ಸತ್ಯವು ಹೊರಬಿತ್ತು. ಈ ಸಂಗತಿಯನ್ನು ರೋಸ್ ಅವರು ಕೊನೆಯವರೆಗೂ ನಿಧಿಯಂತೆ ಕಾಪಾಡಿಕೊಂಡರು.

ತಂದೆ ೧೮೬೪ರಲ್ಲಿ, ಮಗಳಿಗೆ ಹದಿಮೂರು ತುಂಬುವ ಹಿಂದಿನ ದಿನವೇ, ಮರಣ ಹೊಂದಿದರು. ೧೮೭೧ರಲ್ಲಿ ತಾಯಿಯೂ ಲಂಡನ್ನಿನಲ್ಲಿ ತೀರಿಕೊಂಡರು. ಅದೇ ವರ್ಷ ಇಪ್ಪತ್ತರ ಹರೆಯದ ರೋಸ್, ಜಾರ್ಜ್ ಪಾರ್ಸನ್ಸ್ ಲೇಥ್ರೋಪ್ ಎಂಬ ತರುಣ ಲೇಖಕರನ್ನು ವಿವಾಹವಾದರು. ೧೮೭೬ರಲ್ಲಿ ಹುಟ್ಟಿದ ಒಬ್ಬನೇ ಮಗ ಫ್ರಾನ್ಸಿಸ್, ೧೮೮೧ರಲ್ಲಿ ಗಂಟಲಮಾರಿ ರೋಗದಿಂದ ನಾಲ್ಕನೆಯ ವಯಸ್ಸಿನಲ್ಲಿಯೇ ತೀರಿಹೋದನು. ಆ ದುಃಖವನ್ನು ಹೊತ್ತ ಪತಿಪತ್ನಿಯರು ೧೮೯೧ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಆದರೂ ಸಂಸಾರದಲ್ಲಿ ನೆಮ್ಮದಿ ನೆಲೆಸಲಿಲ್ಲ. ಪತಿಯ ಕುಡಿತದ ಚಟ ಅದನ್ನು ಒಡೆಯಿತು. ಕೊನೆಗೆ ರೋಸ್ ಅವರು ಧರ್ಮಸಭೆಯ ಅನುಮತಿ ಪಡೆದು ಪ್ರತ್ಯೇಕವಾಗಿ ಬಾಳತೊಡಗಿದರು. ತಂದೆ, ತಾಯಿ, ಮಗು, ಸಂಸಾರ, ಎಲ್ಲವನ್ನೂ ಕಳೆದುಕೊಂಡ ಒಬ್ಬ ಮಧ್ಯವಯಸ್ಕ ಮಹಿಳೆ. ಕೈಯಲ್ಲಿ ಒಂದು ಲೇಖನಿ, ಹೃದಯದಲ್ಲಿ ಒಂದು ಹೊಸ ವಿಶ್ವಾಸ. ದೇವರು ತಮ್ಮ ಕೆಲಸಕ್ಕೆ ಆರಿಸಿಕೊಂಡದ್ದು ಇವರನ್ನು.

ಎರಡು ಮರಣಗಳ ವಿಚಾರ ರೋಸ್ ಅವರ ಮನಸ್ಸನ್ನು ಕಲಕಿತು. ಅವರ ಗೆಳತಿ, ಪ್ರಸಿದ್ಧ ಕವಯಿತ್ರಿ ಎಮ್ಮಾ ಲಾಜರಸ್ ೧೮೮೭ರಲ್ಲಿ ಅರ್ಬುದ ರೋಗದಿಂದ ತೀರಿಕೊಂಡರು. ಅವರದು ಸಿರಿವಂತ ಮನೆತನ. ವೈದ್ಯರಿಗಾಗಲಿ ಆರೈಕೆಗಾಗಲಿ ಏನೂ ಕೊರತೆಯಿರಲಿಲ್ಲ. ಕೆಲವು ವರ್ಷಗಳ ತರುವಾಯ, ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದ ಮರ್ಯಾದಸ್ಥ ಹೆಣ್ಣುಮಗಳೊಬ್ಬಳ ಕಥೆ ಅವರ ಕಿವಿಗೆ ಬಿತ್ತು. ಅವಳಿಗೂ ಅದೇ ರೋಗ. ಕೂಡಿಟ್ಟ ಹಣವೆಲ್ಲ ಔಷಧಿಗೆ ಕರಗಿತು. ರೋಗ ಗುಣವಾಗದೆಂದು ತಿಳಿದ ಮೇಲೆ ಆಸ್ಪತ್ರೆಯಲ್ಲಿ ಇರಗೊಡಲಿಲ್ಲ. ಬಾಡಿಗೆ ಮನೆಯೂ ತಪ್ಪಿತು. ಕೊನೆಗೆ ನದಿಯ ನಡುವಿನ ಬ್ಲ್ಯಾಕ್‌ವೆಲ್ ದ್ವೀಪದಲ್ಲಿ ದಿಕ್ಕಿಲ್ಲದವರಿಗಾಗಿ ನಡೆಯುತ್ತಿದ್ದ ಸರ್ಕಾರಿ ಗೃಹಕ್ಕೆ ಅವಳನ್ನು ಸಾಗಿಸಲಾಯಿತು. ರೋಗ ಒಂದೇ; ಆದರೆ ಒಬ್ಬಳು ತನ್ನವರ ನಡುವೆ ಕಣ್ಣುಮುಚ್ಚಿದಳು, ಇನ್ನೊಬ್ಬಳು ಅಪರಿಚಿತರ ನಡುವೆ ಕಸದಂತೆ ಬಿದ್ದಳು. ಈ ಅಂತರವನ್ನು ರೋಗ ಮಾಡಲಿಲ್ಲ, ಬಡತನ ಮಾಡಿತು. ಅಲ್ಲಿಂದ ಮುಂದೆ ರೋಸ್ ಅವರಿಗೆ ತಮ್ಮ ದಾರಿ ಕಂಡಿತು.

ಆ ಕಾಲದ ವೈದ್ಯಶಾಸ್ತ್ರದಲ್ಲಿ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯ ಹೊರತು ಹೆಚ್ಚಿನ ದಾರಿಯಿರಲಿಲ್ಲ. ಕ್ಷಕಿರಣ ೧೮೯೫ರಲ್ಲಿ ಆಗತಾನೇ ಬೆಳಕಿಗೆ ಬಂದಿತ್ತು. ರೇಡಿಯಂ ಕಂಡುಹಿಡಿದದ್ದು ೧೮೯೮ರಲ್ಲಿ. ಸಾಲದುದಕ್ಕೆ, ಅರ್ಬುದವು ಮುಟ್ಟಿದರೆ ಅಂಟುವ ರೋಗವೆಂಬ ಭಯ ಜನರಲ್ಲಿ ವ್ಯಾಪಕವಾಗಿತ್ತು. ಬಡವರ ಕಿಕ್ಕಿರಿದ ಮನೆಗಳಲ್ಲಿ ಹುಣ್ಣಿನ ದುರ್ವಾಸನೆಯನ್ನು ತಾಳಲಾರದೆ ಸ್ವಂತ ಮಕ್ಕಳೇ ದೂರ ಸರಿಯುತ್ತಿದ್ದರು. ದುಡಿಯುವವರು ರೋಗಿಯ ಬಳಿ ಕುಳಿತರೆ ಒಲೆ ಉರಿಯುತ್ತಿರಲಿಲ್ಲ. ದುಡಿಮೆಗೆ ಹೋದರೆ ರೋಗಿಗೆ ನೀರು ಕೊಡುವವರಿರಲಿಲ್ಲ.

೧೮೯೬ರಲ್ಲಿ, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ರೋಸ್ ಅವರು ನ್ಯೂಯಾರ್ಕಿನ ಅರ್ಬುದ ಆಸ್ಪತ್ರೆಯನ್ನು ಸೇರಿ ಮೂರು ತಿಂಗಳ ಕಾಲ ಶುಶ್ರೂಷೆಯ ತರಬೇತಿ ಪಡೆದರು. ಗಾಯಗಳನ್ನು ತೊಳೆದು ಕಟ್ಟುವ ಕೆಲಸದಲ್ಲಿ ಮೊದಲು ಅವರಿಗೂ ಹೇಸಿಗೆ ಹುಟ್ಟಿತು. ಪ್ರಾರ್ಥನೆಯ ಬಲದಿಂದ ಅದನ್ನು ಗೆದ್ದರು. ಅದೇ ವರ್ಷ, ವಲಸೆ ಬಂದ ಬಡಜನರು ತುಂಬಿದ್ದ ಸ್ಕಾಮೆಲ್ ಬೀದಿಯಲ್ಲಿ ಕೆಲವು ಕೋಣೆಗಳನ್ನು ಬಾಡಿಗೆಗೆ ಹಿಡಿದು, ತಾವೇ ಉಜ್ಜಿ ತೊಳೆದು, ಬಣ್ಣ ಬಳಿದು ಸಜ್ಜುಗೊಳಿಸಿದರು. ಹಗಲೆಲ್ಲ ಮನೆಮನೆಗೆ ಹೋಗಿ ರೋಗಿಗಳ ಗಾಯ ಕಟ್ಟುವುದು, ತಮ್ಮ ಬಾಗಿಲಿಗೆ ಬಂದವರಿಗೆ ಆರೈಕೆ ಮಾಡುವುದು ಅವರ ನಿತ್ಯದ ಕೆಲಸವಾಯಿತು. ತರಬೇತಿಯ ದಿನಗಳಲ್ಲಿ ಪರಿಚಯವಾಗಿದ್ದ ಶ್ರೀಮತಿ ವಾಟ್ಸನ್ ಎಂಬ ವೃದ್ಧೆಯನ್ನು ಗುಣವಾಗದೆಂದು ಆಸ್ಪತ್ರೆಯಿಂದ ಬಿಡುಗಡೆ ಮಾಡಿದಾಗ, ರೋಸ್ ಅವರು ಆಕೆಯನ್ನು ಕರೆತಂದು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ದೊಡ್ಡ ಲೇಖಕನ ಮಗಳು ಬಡ ವೃದ್ಧೆಯೊಬ್ಬಳ ಸೇವಕಿಯಾದಳು. ೧೮೯೭ರಲ್ಲಿ ತಂದೆತಾಯಿಯರ ನೆನಪುಗಳ ಪುಸ್ತಕವೊಂದನ್ನು ಪ್ರಕಟಿಸಿದರು. ಪತ್ರಿಕೆಗಳಲ್ಲಿ ಸಹಾಯಕ್ಕಾಗಿ ಮನವಿಗಳನ್ನು ಬರೆದರು. ಲೇಖನಿಯಿಂದ ಬಂದದ್ದೆಲ್ಲ ಗಾಯಕ್ಕೆ ಬಟ್ಟೆಯಾಯಿತು, ಹಸಿದವರಿಗೆ ಗಂಜಿಯಾಯಿತು.

೧೮೯೭ರ ಕೊನೆಯಲ್ಲಿ ಕೆಂಟಕಿ ಪ್ರಾಂತದ ಆಲಿಸ್ ಹ್ಯೂಬರ್ ಎಂಬ ಚಿತ್ರಕಲಾವಿದೆ ಅವರನ್ನು ಕಾಣಲು ಬಂದರು. ಮೊದಲು ವಾರಕ್ಕೆ ಒಂದು ಮಧ್ಯಾಹ್ನ ಸಹಾಯ ಮಾಡುವೆನೆಂದು ಬಂದವರು, ಮರುವರ್ಷ ಅಲ್ಲಿಯೇ ನಿಂತರು. ಹೀಗೆ ಒಬ್ಬರು ಇಬ್ಬರಾದರು. ೧೮೯೮ರಲ್ಲಿ ಜಾರ್ಜ್ ಲೇಥ್ರೋಪ್ ಅವರು ತೀರಿಕೊಂಡರು. ೧೮೯೯ರಲ್ಲಿ ಚೆರಿ ಬೀದಿಯಲ್ಲಿ ಒಂದು ಮನೆಯನ್ನು ಕೊಂಡು, ಲೀಮಾದ ಸಂತ ರೋಸಳ ಹೆಸರಿನಲ್ಲಿ ಬಡ ಅರ್ಬುದ ರೋಗಿಗಳ ಉಚಿತ ಗೃಹವನ್ನು ತೆರೆದರು. ಅದೇ ವರ್ಷ ಇಬ್ಬರೂ ಸಂತ ದೊಮಿನಿಕರ ಮೂರನೆಯ ಸಭೆಯನ್ನು ಸೇರಿದರು. ೧೯೦೦ರ ಡಿಸೆಂಬರ್ ೮ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಹೊಸ ಕನ್ಯಾಸ್ತ್ರೀಯರ ಸಭೆಗೆ ಅಸ್ತಿವಾರ ಬಿದ್ದಿತು. ರೋಸ್ ಅವರು ಸಿಸ್ಟರ್ ಮೇರಿ ಅಲ್ಫೋನ್ಸಾ ಆದರು. ಆಲಿಸ್ ಅವರು ಸಿಸ್ಟರ್ ಮೇರಿ ರೋಸ್ ಆದರು. ೧೯೦೧ರಲ್ಲಿ ನಗರದ ಹೊರಗೆ, ಈಗ ಹಾಥಾರ್ನ್ ಎಂದು ಕರೆಯಲ್ಪಡುವ ಊರಿನ ಗುಡ್ಡದ ಮೇಲೆ, ರೋಸರಿ ಹಿಲ್ ಎಂಬ ದೊಡ್ಡ ಆಶ್ರಯಧಾಮವು ಆರಂಭವಾಯಿತು.

ಪ್ರಿಯ ಭಕ್ತಾದಿಗಳೇ, ಮಾತೆ ಅಲ್ಫೋನ್ಸಾ ಅವರು ತಮ್ಮ ಮನೆಗಳಿಗೆ ಇಟ್ಟುಕೊಂಡ ನಿಯಮಗಳನ್ನು ನಾವು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಅವರ ಜೀವನದ ಸಾರ ಅಲ್ಲಿಯೇ ಇದೆ.

ರೋಗಿಯಿಂದಾಗಲಿ ಅವರ ಬಂಧುಗಳಿಂದಾಗಲಿ ಒಂದು ಕಾಸನ್ನೂ ಪಡೆಯಬಾರದು ಎಂಬುದು ಮುಖ್ಯ ನಿಯಮ. ಸರ್ಕಾರದ ಹಣಕ್ಕೂ ಅವರು ಕೈಚಾಚಲಿಲ್ಲ; ದೇವರ ಪರಾಂಬರಿಕೆಯನ್ನೂ ಸಜ್ಜನರ ಕಾಣಿಕೆಯನ್ನೂ ನಂಬಿ ನಡೆದರು. ಹೆಸರಾಂತ ಲೇಖಕ ಮಾರ್ಕ್ ಟ್ವೇನ್ ಅವರಂಥವರೂ ಈ ಕಾರ್ಯವನ್ನು ಬೆಂಬಲಿಸಿದರು. ಇದು ಕೇವಲ ಔದಾರ್ಯದ ನಿಯಮವಲ್ಲ. ಇದರ ಹಿಂದೆ ಕುಟುಂಬದ ಮನಸ್ಸಿನ ಆಳವಾದ ತಿಳಿವಳಿಕೆಯಿದೆ. ತಾನು ಬದುಕಿದ ಒಂದೊಂದು ದಿನವೂ ಮಕ್ಕಳ ಮೇಲೆ ಒಂದೊಂದು ಸಾಲವಾಗುತ್ತಿದೆ ಎಂದು ಬಲ್ಲ ರೋಗಿ, ಬೇಗನೆ ಸಾಯಬೇಕೆಂದು ಬಯಸತೊಡಗುತ್ತಾನೆ. ಖರ್ಚಿನ ಲೆಕ್ಕ ಹಾಕುತ್ತ ಕುಳಿತ ಮಗನಿಗೆ ತಂದೆಯ ಕೈ ಹಿಡಿದು ಕೂಡಲು ಮನಸ್ಸು ಬಿಡುವಾಗುವುದಿಲ್ಲ. ಹಣದ ಭಾರವನ್ನು ಇಳಿಸಿದಾಗ ಆ ಮಗನು ಮತ್ತೆ ಮಗನಾಗುತ್ತಾನೆ, ಹೆಂಡತಿಯು ಮತ್ತೆ ಹೆಂಡತಿಯಾಗುತ್ತಾಳೆ. ಉಳಿದ ದಿನಗಳು ಎಷ್ಟೇ ಆಗಲಿ, ಅವು ಪ್ರೀತಿಯ ದಿನಗಳಾಗುತ್ತವೆ. ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿದ ಸಮಾರ್ಯದವನು ಎಣ್ಣೆ ಸುರಿದು ಗಾಯ ಕಟ್ಟಿದ್ದಲ್ಲದೆ, ಛತ್ರದವನಿಗೆ ಹಣವನ್ನೂ ತಾನೇ ತೆತ್ತನೆಂಬುದನ್ನು ಪ್ರಭು ಯೇಸು ಮರೆಯದೆ ಹೇಳಿದ್ದಾರೆ.

ರೋಗಿಯ ಮುಂದೆ ಹೇಸಿಗೆಯನ್ನು ತೋರಿಸಬಾರದು ಎಂಬುದು ಇನ್ನೊಂದು ನಿಯಮ. ಅಂಟುರೋಗವೆಂಬ ಭಯಕ್ಕೆ ಕಿವಿಗೊಡದೆ ಕನ್ಯಾಸ್ತ್ರೀಯರು ಬರಿಗೈಯಿಂದಲೇ ಶುಶ್ರೂಷೆ ಮಾಡಿದರು. ರೋಗಿಗಳನ್ನು ಹೊಸ ಔಷಧಗಳ ಪ್ರಯೋಗಕ್ಕೆ ಒಡ್ಡಗೊಡಲಿಲ್ಲ. ಜಾತಿ ಮತಗಳ ಭೇದವನ್ನು ಎಣಿಸಲಿಲ್ಲ. ಅಲ್ಲಿಗೆ ಬಂದವರು ದಾನ ಬೇಡಲು ಬಂದವರಲ್ಲ. ಪ್ರಭು ಕ್ರಿಸ್ತರೇ ಅತಿಥಿಯಾಗಿ ಬಂದಿದ್ದಾರೆ ಎಂಬ ಭಾವದಿಂದ ಅವರನ್ನು ಬರಮಾಡಿಕೊಳ್ಳುತ್ತಿದ್ದರು. ಕಡೆಯ ತೀರ್ಪಿನ ದಿನ ರೋಗಿಗಳನ್ನು ಸಂಧಿಸಿದವರ ಪರವಾಗಿ ಪ್ರಭುವು ನುಡಿಯುವರೆಂದು ಸಂತ ಮತ್ತಾಯನ ಶುಭಸಂದೇಶದ ೨೫ನೆಯ ಅಧ್ಯಾಯ ನಮಗೆ ಬೋಧಿಸುತ್ತದೆಯಷ್ಟೆ. ಅದನ್ನು ಮಾತೆ ಅಲ್ಫೋನ್ಸಾ ಅಕ್ಷರಶಃ ನಂಬಿದರು.

ಹೀಗೆ ಮೂವತ್ತು ವರ್ಷಗಳು ಸಂದವು. ಬಿಡುವಿಲ್ಲದ ದುಡಿಮೆ, ಹಣದ ಚಿಂತೆ, ಪ್ರತಿವಾರವೂ ಕಣ್ಣೆದುರಿನ ಮರಣಗಳು. ಇವುಗಳ ನಡುವೆಯೂ ಅವರು ಬರೆಯುವುದನ್ನು ಬಿಡಲಿಲ್ಲ, ಜಪಸರವನ್ನು ಬಿಡಲಿಲ್ಲ. ಮರದಿಂದ ಕಟ್ಟಿದ ಹಳೆಯ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಏಳಲಾರದ ರೋಗಿಗಳ ಗತಿಯೇನೆಂದು, ಬೆಂಕಿಗೆ ಅಂಜದ ಹೊಸ ಕಟ್ಟಡಕ್ಕಾಗಿ ಕೊನೆಯವರೆಗೂ ಕಾಣಿಕೆ ಬೇಡಿ ಪತ್ರಗಳನ್ನು ಬರೆಯುತ್ತಿದ್ದರು. ೧೯೨೬ರ ಜುಲೈ ೯ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ಪ್ರಭುವಿನ ಬಳಿಗೆ ತೆರಳಿದರು. ಅದು ಅವರ ತಂದೆತಾಯಿಯರ ವಿವಾಹದ ದಿನವೂ ಆಗಿತ್ತು. ಅವರ ಹಿಂದೆ ಮಾತೆ ರೋಸ್ ಹ್ಯೂಬರ್ ಸಭೆಯನ್ನು ನಡೆಸಿದರು. ಹಾಥಾರ್ನಿನ ದೊಮಿನಿಕನ್ ಕನ್ಯಾಸ್ತ್ರೀಯರು ಇಂದಿಗೂ ರೋಸರಿ ಹಿಲ್‌ನಲ್ಲಿ ರೋಗಿಗಳಿಂದ ಏನನ್ನೂ ಪಡೆಯದೆ ಅದೇ ಸೇವೆಯನ್ನು ಮುಂದುವರಿಸಿದ್ದಾರೆ. ಮಾತೆಯವರನ್ನು ಸಂತಪದವಿಗೆ ಏರಿಸುವ ವಿಚಾರಣೆ ೨೦೦೩ರಲ್ಲಿ ಆರಂಭವಾಯಿತು. ೨೦೨೪ರ ಮಾರ್ಚ್ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಆಕೆಯ ವೀರೋಚಿತ ಸದ್ಗುಣಗಳನ್ನು ಮಾನ್ಯಮಾಡಿದ್ದರಿಂದ ವಂದನೀಯರೆಂಬ ಗೌರವ ಸಂದಿತು.

ಈ ಚರಿತ್ರೆಯನ್ನು ಓದಿ ನಮ್ಮ ನಾಡಿನ ಕಡೆಗೆ ಕಣ್ಣು ಹೊರಳಿಸೋಣ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ೧೯೪೧ರಲ್ಲಿಯೂ, ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯು ೧೯೭೩ರಲ್ಲಿಯೂ ಆರಂಭವಾದವು. ನಮಗೆ ಸಮೀಪವಾಗಿ ಹುಬ್ಬಳ್ಳಿಯ ನವನಗರದಲ್ಲಿಯೂ ಅರ್ಬುದ ಚಿಕಿತ್ಸಾ ಸಂಸ್ಥೆಯಿದೆ. ಗುಣವಾಗದ ಹಂತ ತಲುಪಿದವರಿಗಾಗಿ ಮುಂಬಯಿಯ ಬಾಂದ್ರಾದಲ್ಲಿ ೧೯೮೬ರಲ್ಲಿ ಶಾಂತಿ ಅವೇದನಾ ಸದನವು ತೆರೆಯಿತು. ನಮ್ಮ ದೇಶದಲ್ಲಿ ಈ ಬಗೆಯ ಮೊದಲ ಆಶ್ರಯಧಾಮ ಅದೇ. ಅದರ ಶಾಖೆ ಗೋವೆಯಲ್ಲಿಯೂ ಇದೆ. ಬೆಂಗಳೂರಿನ ಕರುಣಾಶ್ರಯವು ೧೯೯೪ರಿಂದ ಇದೇ ಸೇವೆಯಲ್ಲಿದ್ದು, ರೋಗಿಗಳಿಂದ ಶುಲ್ಕ ಪಡೆಯುವುದಿಲ್ಲ. ಮಾತೆ ಅಲ್ಫೋನ್ಸಾ ಅವರ ಭಾವನೆಯೇ ಇಲ್ಲೆಲ್ಲ ಬೇರೆ ಬೇರೆ ಹೆಸರುಗಳಲ್ಲಿ ಕೆಲಸ ಮಾಡುತ್ತಿದೆ. ಅಂದಿಗಿಂತ ವೈದ್ಯಶಾಸ್ತ್ರವೂ ಬಹುದೂರ ಸಾಗಿದೆ. ಬೇಗನೆ ಗುರುತಿಸಿದರೆ ಅನೇಕ ಬಗೆಯ ಅರ್ಬುದಗಳು ಗುಣವಾಗುತ್ತವೆ. ಆದುದರಿಂದ ಬಾಯಲ್ಲಿ ಮಾಯದ ಹುಣ್ಣು, ಎದೆಯಲ್ಲಿ ಗಂಟು, ಹೊತ್ತಲ್ಲದ ಹೊತ್ತಿನ ರಕ್ತಸ್ರಾವ ಕಂಡವರು ನಾಚಿಕೆಯಿಂದ ಮುಚ್ಚಿಡದೆ ವೈದ್ಯರಲ್ಲಿಗೆ ಹೋಗಬೇಕು. ತಂಬಾಕು, ಗುಟಕಾಗಳನ್ನು ಬಿಡಬೇಕು. ಪ್ರಾರ್ಥನೆಯು ಚಿಕಿತ್ಸೆಗೆ ಬದಲಲ್ಲ, ಚಿಕಿತ್ಸೆಗೆ ಬಲ.

ಆದರೆ ಆಸ್ಪತ್ರೆಗಳು ಹೆಚ್ಚಿದರೂ ಮನೆಯ ಸಂಕಟ ತೀರಿಲ್ಲ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡವರ ಚಿಕಿತ್ಸೆಯ ವೆಚ್ಚದಲ್ಲಿ ದೊಡ್ಡ ಆಸರೆಯಾಗಿದೆ. ಅರ್ಬುದ ರೋಗಿಗೂ ಜೊತೆಗಾರನಿಗೂ ರೈಲ್ವೆಯು ಪ್ರಯಾಣದರದಲ್ಲಿ ರಿಯಾಯಿತಿ ಕೊಡುತ್ತದೆ. ಇವನ್ನು ಅರಿಯದವರು ಇನ್ನೂ ಇದ್ದಾರೆ. ಇವುಗಳ ಆಚೆಗೂ ಉಳಿಯುವ ಖರ್ಚುಗಳಿವೆ: ಪರವೂರಿನಲ್ಲಿ ವಾರಗಟ್ಟಲೆ ಉಳಿಯುವ ಬಾಡಿಗೆ, ಊಟ, ತಪ್ಪಿದ ಕೂಲಿ. ಎತ್ತು ಮಾರಿ, ಹೊಲ ಒತ್ತೆಯಿಟ್ಟು, ಮಗಳ ಓದು ನಿಲ್ಲಿಸಿ ಚಿಕಿತ್ಸೆ ಮಾಡಿಸುವ ಮನೆಗಳನ್ನು ನಾವೆಲ್ಲರೂ ಬಲ್ಲೆವು. ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವ, ಮಕ್ಕಳನ್ನು ಆ ಮನೆಗೆ ಕಳುಹದ ಅಜ್ಞಾನವೂ ಪೂರ್ತಿ ಅಳಿದಿಲ್ಲ. ಅರ್ಬುದವು ಆರೈಕೆ ಮಾಡುವವರಿಗೆ ಅಂಟುವ ರೋಗವಲ್ಲ. ಅಂಟುವುದು ಒಂಟಿತನ, ಅದು ರೋಗಿಯಿಂದ ಮನೆಯವರಿಗೆಲ್ಲ ಹರಡುತ್ತದೆ.

ಸೇವೆಯ ಅರ್ಥ ನಮ್ಮ ಜನರಿಗೆ ಹೊಸದೇನೂ ಅಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ನಮ್ಮೂರ ಹಾದಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಯಾತ್ರಿಕರಿಗೆ ನೀರು ನೆರಳು ಕೊಡುವಾಗ ಇಲ್ಲಿ ಯಾರೂ ಬೆಲೆ ಕೇಳುವುದಿಲ್ಲ. ಈ ನಾಡಿನ ಶರಣರು ದಾಸೋಹವನ್ನು ಧರ್ಮದ ಹೃದಯದಲ್ಲಿಟ್ಟರು. ಸುಗ್ಗಿಯಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು ನಮ್ಮ ರೂಢಿ. ಅದೇ ಮುಯ್ಯಿಯನ್ನು ರೋಗಿಯ ಮನೆಗೆ ವಿಸ್ತರಿಸಬೇಕು, ಆದರೆ ತಿರುಗಿ ಪಡೆಯುವ ಲೆಕ್ಕವಿಲ್ಲದೆ.

ಆದುದರಿಂದ ಶತಮಾನೋತ್ಸವದ ನೆನಪಿಗೆ ನಮ್ಮದೊಂದು ಸಲಹೆ. ಪ್ರತಿವರ್ಷ ತಪಸ್ಸುಕಾಲದ ಒಂದು ಭಾನುವಾರದ ಕಾಣಿಕೆಯನ್ನು ನಮ್ಮ ಊರಿನ ಅರ್ಬುದ ರೋಗಿಗಳ ಪ್ರಯಾಣಕ್ಕೂ ವಸತಿಗೂ ಮೀಸಲಿಡೋಣ. ಯಾರಿಗೆ ಕೊಟ್ಟೆವೆಂದು ಪೀಠದಿಂದ ಹೆಸರು ಓದುವುದು ಬೇಡ, ಮತವನ್ನು ಕೇಳುವುದೂ ಬೇಡ. ಯುವಕರು ರೋಗಿಯೊಡನೆ ಹುಬ್ಬಳ್ಳಿಯ ಬಸ್ಸು ಹತ್ತಲಿ. ಕಾಗದಪತ್ರಗಳ ಕೆಲಸವನ್ನು ಓದು ಬಲ್ಲವರು ಮಾಡಿಕೊಡಲಿ. ತಾಯಂದಿರು ಸರದಿಯಂತೆ ಆ ಮನೆಯ ಮಕ್ಕಳಿಗೆ ರೊಟ್ಟಿ ಬುತ್ತಿ ಮುಟ್ಟಿಸಲಿ. ರಾತ್ರಿಯೆಲ್ಲ ಎಚ್ಚರವಿದ್ದ ಹೆಂಡತಿಗೆ ಒಂದು ಮಧ್ಯಾಹ್ನದ ನಿದ್ರೆ ಸಿಗುವಂತೆ ಒಬ್ಬರು ಹೋಗಿ ಕೂಡಲಿ. ಮರಣ ಬಂದ ಮೇಲೂ ಆ ಮನೆಯನ್ನು ಮರೆಯದಿರಲಿ. ಸಾಲ ಉಳಿಯುವುದು, ವಿಧವೆಯ ಬಾಗಿಲು ಬಿಕೋ ಎನ್ನುವುದು ಆಮೇಲೆಯೇ. ಫೆಬ್ರವರಿ ೧೧ರಂದು, ಲೂರ್ದು ಮಾತೆಯ ಹಬ್ಬದಲ್ಲಿ, ಧರ್ಮಸಭೆಯು ರೋಗಿಗಳ ವಿಶ್ವದಿನವನ್ನು ಆಚರಿಸುತ್ತದೆ. ಅಂದು ರೋಗಿಗಳನ್ನು ದೇವಾಲಯಕ್ಕೆ ಕರೆತರೋಣ. ಬರಲಾರದವರ ಮನೆಗೆ ಪರಮಪ್ರಸಾದದೊಡನೆ ನಾವು ಬರುವೆವು, ನೀವೂ ಜೊತೆಗೆ ಬನ್ನಿರಿ.

ಮಾತೆ ಅಲ್ಫೋನ್ಸಾ ಅವರು ಆರಂಭಿಸಿದಾಗ ಅವರಿಗಿದ್ದದ್ದು ಬಾಡಿಗೆಯ ಕೆಲವು ಕೋಣೆಗಳು ಮತ್ತು ಒಬ್ಬ ರೋಗಿ. ನಮಗೆ ನೂರು ವರ್ಷಗಳ ದೇವಾಲಯವೂ ಇಷ್ಟು ಕುಟುಂಬಗಳೂ ಇವೆ. ಆರಂಭಿಸಲು ಇದಕ್ಕಿಂತ ಹೆಚ್ಚೇನೂ ಬೇಡ. ಪರಮದಯಾಳುವಾದ ದೇವರು ನಮ್ಮ ಊರಿನ ಎಲ್ಲ ರೋಗಿಗಳಿಗೂ ಅವರನ್ನು ಕಾಯುತ್ತಿರುವ ಮನೆಯವರಿಗೂ ಶಾಂತಿಯನ್ನು ದಯಪಾಲಿಸಲಿ; ನಮ್ಮ ಕೈಗಳಿಗೆ ಹೇಸದ ಪ್ರೀತಿಯನ್ನು ಕೊಡಲಿ.